ಟಿಕೆಟ್ ತೆಗೆಸಿದವಳು

ಕೋರ್ಟಿನ ಮೊಗಸಾಲೆಯಲ್ಲಿ ಸಾಕ್ಷಿಗಳಿಗೆಂದು ಹಾಕಿದ್ದ ಬೆಂಚಿನ ತುದಿಯಲ್ಲಿ ನಾನು ಕೂತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು. ಚಿಕ್ಕವಳ ಮಡಿಲಲ್ಲಿ ಮಹಿಳಾ ಪುನರ್ವಸತಿ ಕೇಂದ್ರದ ಮೊಹರಿದ್ದ ಬಟ್ಟೆಯ ಚೀಲವಿತ್ತು.

“ಪೊಲೀಸ್ ರೇಡಾದ ದಿನ ಏನಂತ ಹೇಳ್ದೆ?” ದೊಡ್ಡವಳು ಕೇಳಿದಳು.

“ಈ ಊರಿಗೆ ಯಾರು ಕರ್ಕೊಂಡು ಬಂದ್ರು ಅಂದ್ರು. ನಾನೇ ಬಂದೆ ಅಂದೆ. ಆ ಪೊಲೀಸ್ ಮೇಡಂ ಬರ್ಕೊಳ್ಳಲೇ ಇಲ್ಲ.”

“ಆಮೇಲೆ?”

“ರೈಲಿನ ಟಿಕೆಟ್ ಯಾರು ತೆಗೆಸಿದ್ರು ಅಂದ್ರು. ನಮ್ಮಕ್ಕ ಅಂದೆ. ತಕ್ಷಣ ಬರ್ಕೊಂಡ್ರು.”

“ನಿನ್ನ ಬಾಯಿಗೆ ಮಣ್ಣು ಹಾಕ! ಅದಕ್ಕೇ ಅವಳು ಮಾನವ ಕಳ್ಳಸಾಗಣೆ ಕೇಸಲ್ಲಿ ಜೈಲಲ್ಲಿರೋದು.”

“ನಂಗೇನು ಗೊತ್ತು? ಮೈ ಮಾರೋ ಕೆಲಸ ಬೇಡ, ಹೊಲಿಗೆ ಕಾರ್ಖಾನೆಲೇ ಇರು ಅಂತ ಬೈದಿದ್ದೇ ಅವಳು. ನಾನು ಹಟ ಬಿಡ್ಲಿಲ್ಲ. ಹೋಗೋದಾದ್ರೆ ನೆಟ್ಟಗೆ ಕೂತ್ಕೊಂಡು ಹೋಗು ಅಂತ ಕಿಟಕಿ ಸೀಟು ತೆಗೆಸಿದ್ಲು.”

“ಟೀವಿ ಚರ್ಚೇಲಿ ಅವಳನ್ನ ರಾಕ್ಷಸಿ ಅಂದ್ರು. ನಿನ್ನನ್ನ ಏನೂ ಅರಿಯದ ಹುಡುಗಿ ಅಂದ್ರು.”

“ಹುಡುಗಿ! ನಂಗೆ ಮೂವತ್ನಾಲ್ಕು.”

ಇಬ್ಬರೂ ಬಾಯಿಗೆ ಸೆರಗು ಒತ್ತಿ ನಕ್ಕರು.

“ಒಳಗೆ ಏನ್ ಹೇಳ್ತೀಯ ಈಗ?”

“ಅಕ್ಕ ಮಾರಿದ್ಲು ಅಂದ್ರೆ ನನ್ನನ್ನ ಇವತ್ತೇ ಬಿಡ್ತಾರಂತೆ. ನಾನಾಗೇ ಬಂದೆ ಅಂದ್ರೆ, ಯಾರೋ ಹೆದರಿಸಿದ್ದಾರೆ ಅಂತ ಕೇಂದ್ರದಲ್ಲಿ ಇನ್ನೂ ಆರು ತಿಂಗಳು ಇಡ್ತಾರೆ.”

ಜವಾನ ಬಾಗಿಲಿಗೆ ಬಂದು, “ಸಂತ್ರಸ್ತೆ ನಂಬರ್ ಎರಡು!” ಎಂದು ಕೂಗಿದ. ಚಿಕ್ಕವಳು ಎದ್ದಳು.

“ಚೀಲ ಕೊಟ್ಟು ಹೋಗು, ನಾನು ನೋಡ್ಕೋತೀನಿ.”

“ಬೇಡ ಬಿಡು. ಆರು ತಿಂಗಳಿಗೆ ಬಟ್ಟೆ ಬೇಕಲ್ಲ,” ಎಂದು ಅವಳು ಚೀಲವನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋದಳು.