ಪೂಜೆಗೆ ಕೂತ ಪುಸ್ತಕಗಳು

ಕೇಳಿ ತಾಯಂದಿರೇ, ಒಂದೂರಲ್ಲಿ ಒಬ್ಬ ಶ್ರೀಮಂತ ಗೌಡ ಇದ್ದ. ಕೆಟ್ಟವನಲ್ಲ, ನೋಡಿ. ಕೆಟ್ಟವನಾಗಿದ್ದರೆ ನಾವೆಲ್ಲ ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು. ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದು, ಊರಿನ ಅಂಗನವಾಡಿಗೆ ಪುಸ್ತಕದ ಅನುದಾನ ತಂದವನೇ ಅವನು. ಯಾರ ದುಡ್ಡು ಅದು? ಬೆಂಕಿಪೊಟ್ಟಣ ಕೊಳ್ಳುವ ಮುದುಕಿಯೂ ಕಟ್ಟಿದ ತೆರಿಗೆಯ ದುಡ್ಡು.

ಪುಸ್ತಕ ಬಂದ ದಿನ ಅವನ ಮೂರು ವರ್ಷದ ಪುಟ್ಟ ಮೊಮ್ಮಗಳು ಒಂದನ್ನು ತೆರೆದು, "ಅಜ್ಜಾ, ನವಿಲು!" ಎಂದು ಕುಣಿದಳು. ಗೌಡನಿಗೆ ಎದೆ ತುಂಬಿ ಬಂತು. ಆದರೆ ಮರುದಿನವೇ ಸರಸ್ವತಿ ಪೂಜೆ. ಪೂಜೆಗಿಟ್ಟ ಪುಸ್ತಕವನ್ನು ಪೂಜೆ ಮುಗಿಯುವ ತನಕ ಮುಟ್ಟಬಾರದು, ನಮ್ಮಲ್ಲಿ ಹಾಗೇ ಅಲ್ಲವೇ? ಎಲ್ಲವನ್ನೂ ಅಂಗನವಾಡಿಯ ಕಬ್ಬಿಣದ ಕಪಾಟಿನಲ್ಲಿಟ್ಟು, ಕುಂಕುಮ ಹಚ್ಚಿ ಬೀಗ ಹಾಕಿದ. ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಪೂಜೆ ಮುಗಿಯಿತು, ಬೀಗ ತೆಗೆಯಲು ಮಾತ್ರ ಮನಸ್ಸು ಬರಲಿಲ್ಲ.

"ಹುಡುಗ್ರು ಹರದ ಹಾಕ್ತಾವ. ಸಾಹೇಬ್ರು ಬಂದು ನೋಡೋ ತನಕ ಹಿಂಗ ಇರ್ಲಿ" ಎಂದ. ಆಮೇಲೆ ಪ್ರತಿ ಶುಕ್ರವಾರ ಕಪಾಟಿಗೇ ಊದುಬತ್ತಿ.

ಮಧ್ಯಾಹ್ನ ಅಂಗನವಾಡಿಯಿಂದ ಮೊಮ್ಮಗಳನ್ನು ಕರೆದೊಯ್ಯಲು ಗೌಡ ಬಂದಾಗಲೆಲ್ಲ ಅವಳು ಕಪಾಟಿಗೆ ಕಿವಿಯಿಟ್ಟು ಕೂತಿರುತ್ತಿದ್ದಳು.

"ಏನ್ ಕೇಳಾಕತ್ತೀಯವ್ವಾ?"

"ಒಳಗ ಯಾರೋ ಬಾಗಿಲಾ ತಗೀ ಅನ್ನಾಕತ್ತಾರ, ಅಜ್ಜಾ."

ಗೌಡ ನಕ್ಕು ತಾನೂ ಕಿವಿಯಿಟ್ಟ. ಹಾಳೆ ಮಗುಚುವ ಸಣ್ಣ ಸದ್ದು. ಇಲಿ ಇರಬೇಕು ಎಂದುಕೊಂಡ. ಬೀಗ ಹಾಕಿದ ಕಬ್ಬಿಣದ ಕಪಾಟಿನೊಳಗೆ ಇಲಿಗೆ ದಾರಿ ಎಲ್ಲಿ? ಕೇಳಿಕೊಂಡನೇ? ಇಲ್ಲ.

ದೀಪಾವಳಿ ಹೋಯಿತು, ಇನ್ನೊಂದು ದೀಪಾವಳಿಯೂ ಹೋಯಿತು. ಒಂದು ಮಧ್ಯಾಹ್ನ ಮೊಮ್ಮಗಳು ಕಪಾಟಿನ ಹತ್ತಿರ ಇರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

"ಯಾಕವ್ವಾ, ಇಲ್ಲಿ ಕುಂತಿ?"

"ಈಗ ಒಳಗಿಂದ ಯಾರೂ ಕರ್ಯಂಗಿಲ್ಲ."

ಗೌಡ ಉಡದಾರದಿಂದ ಕೀಲಿ ಕಿತ್ತುಕೊಂಡ. ಓಡಿಹೋಗಿ ಬೀಗ ತೆಗೆದ. ಪುಸ್ತಕಗಳು ಹೊಚ್ಚ ಹೊಸದಾಗಿಯೇ ಇದ್ದವು, ನವಿಲು ಥಳಥಳ ಹೊಳೆಯುತ್ತಿತ್ತು. ಅದನ್ನು ತಂದು ಅವಳ ತೊಡೆಯ ಮೇಲಿಟ್ಟ.

"ನೋಡವ್ವಾ, ನಿನ್ನ ನವಿಲು!"

ಅವಳು ಹಾಳೆಯ ಮೇಲೆ ಕೈಯಾಡಿಸಿದಳು. "ಎಲ್ಲೈತಿ ಅಜ್ಜಾ? ಬರೇ ಬಿಳೀ ಹಾಳಿ."

ಓಣಿಯ ಮಕ್ಕಳನ್ನೆಲ್ಲ ಕರೆದ. ಬೆರಳಿಟ್ಟು ತೋರಿಸಿದ, ಗದರಿಸಿದ, ಕೊನೆಗೆ ಅಂಗಲಾಚಿದ. ಒಂದೊಂದು ಮಗುವೂ ತಲೆಯಾಡಿಸಿತು, ಏನೂ ಇಲ್ಲ. ಅವನಿಗೆ ಕಾಣುತ್ತಿತ್ತು, ಮಕ್ಕಳಿಗೆ ಕಾಣುತ್ತಿರಲಿಲ್ಲ. ಗೌಡ ಅದೇ ಕಟ್ಟೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಈಗ ಹೇಳಿ ತಾಯಂದಿರೇ, ನಿಮ್ಮೂರ ಅಂಗನವಾಡಿಯ ಕಪಾಟಿಗೆ ಬೀಗ ಇಲ್ಲವೇ? ನಾಳೆ ಬೆಳಿಗ್ಗೆ ಮಗುವನ್ನು ಎತ್ತಿಕೊಂಡೇ ಹೋಗಿ, ಕೀಲಿ ಕೇಳಿ. ಕೊಡದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಅದು ನಿಮ್ಮ ದುಡ್ಡು. ಮಕ್ಕಳು ಎಳೆದಾಡಲಿ, ಜೊಲ್ಲು ಸುರಿಸಲಿ, ಹರಿಯಲಿ. ನೀವು ಅಂಟು ಹಚ್ಚಿ ಮತ್ತೆ ಕೈಗೆ ಕೊಡಿ. ಹರಿದ ಪುಸ್ತಕಕ್ಕೆ ಇನ್ನೊಂದು ಅನುದಾನ ಕೇಳಬಹುದು. ಮಗುವಿನ ಕಳೆದುಹೋದ ನಾಲ್ಕನೆಯ ವರ್ಷವನ್ನು ಯಾವ ಕಚೇರಿಗೆ ಹೋಗಿ ಕೇಳುತ್ತೀರಿ?