ಬೇಲಿಯ ಆಚೆಯ ಕಲ್ಲು

ಬಾಗಿಲು ಸ್ವಲ್ಪ ಮುಂದೆ ಮಾಡಿ... ಹಾಂ, ಸಾಕು. ಗಾಳಿ ಬರ್ತಿದೆ. ಇದನ್ನ ನಾನು ಎಲ್ಲರ ಮುಂದೆ ಹೇಳೋದಿಲ್ಲ. ಲವೀನಾ ಬೇಡ ಅಂತಾಳೆ. ಆದರೆ ಕೇಳಿದಿರಲ್ಲ... ಹೇಳ್ತೀನಿ.

ಲವೀನಾ ಅಂದರೆ ನನ್ನ ದೊಡ್ಡಮ್ಮನ ಮಗಳು. ನಮ್ಮ ಕಣಿವೆಯಲ್ಲಿ ಶಾಲೆ ಬಸ್ಸು ಓಡಿಸುತ್ತಾಳೆ. ಹಿಮ ಬಿದ್ದಾಗ, ಗಂಡಸರು ತಮ್ಮ ಗಾಡಿ ಹೊರಗೆ ತೆಗೆಯಲು ಹಿಂದೆಮುಂದೆ ನೋಡುವಾಗ, ಇವಳು ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಮಕ್ಕಳನ್ನು ತುಂಬಿಕೊಂಡು ಗುಡ್ಡ ಇಳಿಸುತ್ತಾಳೆ. ಹೆದರುವ ಪೈಕಿ ಅಲ್ಲ. ಅದಕ್ಕೇ ಮೊದಲು ಇದನ್ನು ಹೇಳಿದೆ.

ಆ ವರ್ಷ ನಮ್ಮ ಗುಡ್ಡದ ನೆತ್ತಿ ಸೀಳಿ ದೊಡ್ಡ ರಸ್ತೆ ಮಾಡ್ತೀವಿ ಅಂತ ಬಂದರು. ಗುಡ್ಡದ ಮೇಲೇ ನಮ್ಮ ಮನೆತನದ ಸಮಾಧಿಗಳು, ಸುತ್ತ ಬೇಲಿ. ರಸ್ತೆಯವರು ಒಳ್ಳೆಯ ಮಾತಿನಲ್ಲೇ ಹೇಳಿದರು. ಬೇಲಿಯೊಳಗಿರುವುದನ್ನೆಲ್ಲ ಎತ್ತಿ, ಕೆಳಗೆ ಚರ್ಚಿನ ಹಿಂದೆ ಮತ್ತೆ ಹೂಳಿಕೊಡ್ತೀವಿ. ಆದರೆ ಯಾರು ಯಾರು ಅಂತ ಮನೆಯವರೇ ಹೇಳಬೇಕು. ಅಕ್ಷರ ಕೆತ್ತಿದ ಕಲ್ಲು ಅಲ್ಲಿ ಕೆಲವೇ. ಉಳಿದದ್ದು ಹೊಲದಿಂದ ಹೊತ್ತು ತಂದು ನೆಟ್ಟ ಕಾಡುಗಲ್ಲು. ಲವೀನಾ ಆ ಕೆಲಸ ಮೈಮೇಲೆ ಹಾಕಿಕೊಂಡಳು. ಮನೆ ಮನೆ ಸುತ್ತಿದಳು. ಮುದುಕರ ಕಾಲ ಬಳಿ ಕೂತು ಕೇಳಿದಳು. ನಮ್ಮ ಹೆಂಗಸರ ಸಾಲನ್ನು ರೆಬೆಕಾ ಮುತ್ತಜ್ಜಿಯವರೆಗೆ, ರೆಬೆಕಾಳಿಂದ ಅವಳ ತಾಯಿ ನ್ಯಾನ್ಸಿಯವರೆಗೆ ಹಿಡಿದಳು. ನ್ಯಾನ್ಸಿ ಅಂದರೆ ಹೈರಮ್ ಟ್ಯಾಕೆಟ್‌ನ ಹೆಂಡತಿ. ಗುಲಾಮರ ವಿಷಯಕ್ಕೆ ಉತ್ತರದ ರಾಜ್ಯಗಳೂ ದಕ್ಷಿಣದ ರಾಜ್ಯಗಳೂ ಹೊಡೆದಾಡಿದ ಯುದ್ಧ ಮುಗಿದ ಮೇಲೆ ಈ ಗುಡ್ಡಕ್ಕೆ ಬಂದು ಮನೆ ಕಟ್ಟಿದವರು.

ಒಂದು ಸಂಜೆ ಬೇಲಿಯೊಳಗಿನ ಕಲ್ಲುಗಳ ಪಾಚಿ ಉಜ್ಜುತ್ತಾ ಕೂತವಳಿಗೆ ಕತ್ತಲಾದದ್ದೇ ತಿಳಿಯಲಿಲ್ಲ. ಎದ್ದು ಹೊರಟಳು. ಇಳಿಯುವ ದಾರಿ ಟ್ಯಾಕೆಟ್‌ರ ಹಳೇ ಮನೆಯ ಪಕ್ಕದಲ್ಲೇ. ಮನೆ ಅಂತೇನೂ ಇಲ್ಲ ಈಗ. ಹೊಗೆಗೂಡು ನಿಂತಿದೆ, ಪಕ್ಕದಲ್ಲಿ ಬಾವಿ. ಬಾವಿಯೂ ಹೆಸರಿಗೆ. ನಮ್ಮ ತಾತ ಇದ್ದಾಗಲೇ ಕಲ್ಲುಮಣ್ಣು ಸುರಿದು ಮುಚ್ಚಿಸಿದ್ದರು. ಕಟ್ಟೆ ಉಳಿದಿದೆ ಅಷ್ಟೆ.

ಜೀರುಂಡೆಗಳು ಕಿವಿ ತೂತಾಗುವ ಹಾಗೆ ಕೂಗುತ್ತಿದ್ದವಂತೆ. ಕಟ್ಟೆಯ ಹತ್ತಿರ ಬಂದಳು... ಒಟ್ಟಿಗೇ ನಿಂತವು. ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಆಮೇಲೆ...

ಕಿರ್ರ್... ಕಿರ್ರ್... ಕಿರ್ರ್...

ರಾಟೆ. ಮರದ ರಾಟೆ. ಭಾರ ಮೇಲೆ ಬರುವಾಗ ಹಗ್ಗ ನರಳುತ್ತದಲ್ಲ, ಅದೂ ಕೇಳಿಸಿತು. ಆಮೇಲೆ ಕೊಡ ಕಟ್ಟೆಗೆ ತಾಗಿದ ಸದ್ದು. ಟೊಕ್. ನೀರು ತುಳುಕಿತು. ಕಟ್ಟೆಯ ಮೇಲೆ ರಾಟೆ ಇಲ್ಲ, ಹಗ್ಗ ಇಲ್ಲ, ಕೊಡ ಇಲ್ಲ...

"ಯಾರ ಪೈಕಿ ನೀನು?"

ಹೆಂಗಸಿನ ದನಿ. ಸಣ್ಣದು. ಏದುಸಿರು ಬಿಡುತ್ತಿದ್ದ ಹಾಗೆ.

ನಮ್ಮ ಗುಡ್ಡದಲ್ಲಿ ಹೊಸಬರನ್ನು ಕಂಡರೆ ಹೆಸರು ಕೇಳುವುದಿಲ್ಲ. ಯಾರ ಪೈಕಿ ಅಂತಲೇ ಕೇಳುವುದು. ಕೇಳಿದರೆ ಉತ್ತರ ಕೊಡುವುದು ಹುಟ್ಟಿನಿಂದ ಬಂದ ಅಭ್ಯಾಸ. ಲವೀನಾಳ ಬಾಯಿಯೂ ತಾನಾಗಿ ತೆರೆಯಿತು.

"ಹೇಜಲ್ ಮಗಳು. ಹೇಜಲ್ ಅಂದ್ರೆ ಐಡಾ ಮಗಳು. ಐಡಾ ರೆಬೆಕಾ ಮಗಳು. ರೆಬೆಕಾ ನ್ಯಾನ್ಸಿ ಮ—"

"ಅಲ್ಲ."

ಕಿವಿಯ ಹತ್ತಿರ. ಇಲ್ಲಿ. ಕೆನ್ನೆಗೆ ತಣ್ಣನೆ ಉಸಿರು ಬಡಿಯಿತಂತೆ.

ಲವೀನಾ ಓಡಿದಳು. ಐವತ್ತರ ಹೆಂಗಸು, ಆ ಇಳಿಜಾರಿನಲ್ಲಿ, ಮುಳ್ಳು ಮರ ಏನೂ ನೋಡದೆ. ಮನೆ ಸೇರಿದಾಗ ಒಂದು ಕಾಲಿನ ಬೂಟೇ ಇರಲಿಲ್ಲ. ಅವಳ ತಮ್ಮ ಕಾರ್ಲಿಸ್ ಅಡುಗೆಮನೆಯಲ್ಲಿ ಕೂತು ಮಜ್ಜಿಗೆಯಲ್ಲಿ ಮೆಕ್ಕೆಜೋಳದ ಬ್ರೆಡ್ಡು ಮುರಿದು ಹಾಕಿಕೊಂಡು ತಿನ್ನುತ್ತಿದ್ದ. ಕೇಳಿ ನಕ್ಕ.

"ಅಕ್ಕಾ, ನೀನು ಸತ್ತವರ ಹೆಸರು ಹೇಳ್ಕೊಂಡು ಊರೆಲ್ಲ ತಿರುಗ್ತಿದ್ರೆ ಅವರಾದ್ರೂ ಎಷ್ಟು ದಿನ ಸುಮ್ನಿರ್ತಾರೆ? ಒಂದ್ಸಲ ಮಾತಾಡ್ಸಿ ಹೋಗೋಣ ಅಂತ ಬಂದಿರ್ತಾರೆ."

"ನಗಬೇಡ ಕಣೋ."

"ಬೂಟು ಎಲ್ಲಿ?"

"ನೀನೇ ಹೋಗಿ ತಗೊಂಡ್ ಬಾ. ಅಷ್ಟು ಧೈರ್ಯ ಇದ್ರೆ."

ಅವನು ಹೋಗಲಿಲ್ಲ. ಗೂಬೆ ಇರಬೇಕು ಅಂದ. ಲವೀನಾಳೂ ಹಾಗೇ ಅಂದುಕೊಳ್ಳಲು ನೋಡಿದಳು. ಗೂಬೆ 'ಅಲ್ಲ' ಅನ್ನುತ್ತದೆಯೇ?

ಅದಾದ ಸ್ವಲ್ಪ ದಿನಕ್ಕೆ ರಸ್ತೆಯವರ ಮನುಷ್ಯ ಫೋನು ಮಾಡಿದ. ಹೆಸರುಗಳನ್ನು ಬರೆದುಕೊಳ್ಳಬೇಕಿತ್ತು. ಹಗಲು. ಅಡುಗೆಮನೆಯಲ್ಲಿ ಬಿಸಿಲು. ಲವೀನಾ ಒಂದೊಂದಾಗಿ ಹೇಳುತ್ತಾ ಬಂದಳು. ಐಡಾ ಇಲ್ಲಿ, ರೆಬೆಕಾ ಅಲ್ಲಿ, ಅವಳ ಪಕ್ಕ ಅವಳ ತಾಯಿ ನ್ಯಾನ್ಸಿ ಅಂದಳು. ಆ ಕಡೆ ಮನುಷ್ಯ ತಡೆದ.

"ಏನಮ್ಮಾ? ಅಲ್ವಾ?"

"ಏನು ಅಲ್ವಾ?"

"ನಿಮ್ಮ ಪಕ್ಕದಲ್ಲಿರೋರು 'ಅಲ್ಲ' ಅಂದ್ರಲ್ಲ. ಮನೆಯವರ ಹತ್ರ ಇನ್ನೊಂದ್ಸಲ ವಿಚಾರಿಸಿ ಹೇಳಿ, ಆಗಬಹುದಾ? ಆಮೇಲೆ ಬದಲಾಯಿಸೋದು ಕಷ್ಟ."

ಅಡುಗೆಮನೆಯಲ್ಲಿ ಅವಳೊಬ್ಬಳೇ. ಫೋನು ಕೆಳಗಿಟ್ಟಳು. ಹೊರಡುವಾಗ ಬಾಗಿಲು ಕೂಡ ಹಾಕದೆ ನೆಟ್ಟಗೆ ನಮ್ಮ ಮನೆಗೆ ಬಂದಳು. ಮುಖದಲ್ಲಿ ರಕ್ತ ಇರಲಿಲ್ಲ. ನಾನೇ ನೋಡಿದ್ದೀನಿ.

ನನ್ನ ಅಮ್ಮ ಝೆಲ್ಲಾ ಆಗ ಇನ್ನೂ ಇದ್ದಳು. ಜಗಲಿಯಲ್ಲಿ ಕೂತು ಒಣಗಿಸಲು ಹುರುಳಿಕಾಯಿ ದಾರಕ್ಕೆ ಪೋಣಿಸುತ್ತಿದ್ದಳು. ರೆಬೆಕಾ ಅಜ್ಜಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ.

ಲವೀನಾ ಎಲ್ಲ ಹೇಳಿದಳು. ಅಮ್ಮನ ಸೂಜಿ ನಿಂತಿತು.

"ಉತ್ತರ ಕೊಟ್ಯಾ?" ಅಂದಳು.

"ಕೊಟ್ಟೆ ಚಿಕ್ಕಮ್ಮಾ. ಬಾಯಿಗೆ ಬಂದುಬಿಡ್ತು."

"ಸುಳ್ಳು ಉತ್ತರ."

ಅಮ್ಮ ರಸ್ತೆಯ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ದನಿ ಇಳಿಸಿದಳು.

"ರೆಬೆಕಾ ಹುಟ್ಟಿದಾಗ ನ್ಯಾನ್ಸಿಗೆ ತಲೆ ನೆರೆತಿತ್ತು. ಲೆಕ್ಕ ಹಾಕೋಕೆ ಎಲ್ಲರಿಗೂ ಬರ್ತಿತ್ತು. ಯಾರೂ ಹಾಕಲಿಲ್ಲ."

"ಮತ್ತೆ ಯಾರು?" ಲವೀನಾ ಕೇಳಿದಳು.

"ಟೆನ್ನಿ ಅಂತ ಒಬ್ಬಳಿದ್ಲು. ತಂದೆತಾಯಿ ಇಲ್ಲದ ಹುಡುಗಿ. ಕೋರ್ಟಿನವರೇ ಕೆಲಸಕ್ಕೆ ಅಂತ ಹೈರಮ್ ಮನೆಗೆ ಕಟ್ಟಿಹಾಕಿದ್ರು. ವಯಸ್ಸಿಗೆ ಬರೋವರೆಗೆ ಅವರ ಮನೇಲಿ ದುಡೀಬೇಕು, ಹಾಗೆ. ನೀರು ಸೇದೋದು ಅವಳ ಪಾಲು. ಹೆತ್ತ ಮರುದಿನವೂ ಕೊಡ ಕೊಟ್ಟು ಕಳಿಸಿದ್ರಂತೆ... ವಾರ ಕಳೀಲಿಲ್ಲ, ಹೋದ್ಲು. ಮಗೂನ ನ್ಯಾನ್ಸಿ ಎತ್ಕೊಂಡ್ಲು. ಟೆನ್ನೀನ ಬೇಲಿ ಆಚೆ ಹಾಕಿದ್ರು."

ಬೇಲಿಯ ಆಚೆ, ಸೀಡರ್ ಮರದ ಬುಡದಲ್ಲಿ ಮೊಣಕಾಲೆತ್ತರದ ಕಲ್ಲೊಂದಿತ್ತು. ನಾವು ಚಿಕ್ಕವರಾಗಿದ್ದಾಗ ಅದರ ಮೇಲೆ ಕೂತು ಆಡಿದ್ದೆವು.

"ನಿಂಗೆ ಹೇಗ್ ಗೊತ್ತಮ್ಮಾ?" ಅಂದೆ.

"ರೆಬೆಕಾ ಅಜ್ಜಿ ಜ್ವರದಲ್ಲಿ ಮಲಗಿದ್ಲು. ಒದ್ದೆ ಬಟ್ಟೆ ಹಾಕೋಳು ನಾನು. ಕೈ ಹಿಡ್ಕೊಂಡ್ಲು. 'ನಮ್ಮಮ್ಮ ಬೇಲಿ ಆಚೆ ಇದ್ದಾಳೆ ಕಂದಾ, ನಾನು ಒಂದು ದಿನಾನೂ ಅಮ್ಮಾ ಅಂತ ಕರೀಲಿಲ್ಲ' ಅಂದ್ಲು. ಹೊರಗೆ ಬಂದು ಹೇಳಿದ್ರೆ ನನ್ನಮ್ಮ ನನ್ನ ಬಾಯಿಗೇ ಹೊಡೆದ್ಲು. ಅವತ್ತಿಂದ ನಾನು ಬಾಯಿ ಬಿಟ್ಟಿರಲಿಲ್ಲ."

ರಸ್ತೆಯವರ ನಕಾಶೆಯಲ್ಲಿ ಬೇಲಿಯೊಳಗಿನದು ಸಮಾಧಿ. ಹೊರಗಿನದು ಬರೀ ಕಲ್ಲು. ಯಂತ್ರಗಳು ಆಗಲೇ ಕೆಳಗಿನ ತಿರುವಿಗೆ ಬಂದು ನಿಂತಿದ್ದವು.

ಆವತ್ತೇ ಕತ್ತಲಾಗುವ ಹೊತ್ತಿಗೆ ಲವೀನಾ ಗುಡ್ಡಕ್ಕೆ ಹೊರಟಳು. ಬೇಡ ಕಣೇ ಅಂದೆ. ಸುಳ್ಳು ಹೇಳಿ ಬಂದಿದ್ದೀನಿ, ಸರಿಮಾಡಬೇಕು ಅಂದಳು. ಕಾರ್ಲಿಸ್ ಜೊತೆಗೆ ಹೋದ. ಬೂಟು ಹುಡುಕೋಕೆ ಹೋಗ್ತಿದ್ದೀನಿ ಅಂತ ನಗಾಡುತ್ತಲೇ ಪಿಕಪ್ಪು ಹತ್ತಿದ. ಮುಂದಿನದನ್ನು ನನಗೆ ಹೇಳಿದವನು ಅವನು. ಹೇಳುವಾಗ ನಗಲಿಲ್ಲ.

ಗಾಡಿಯನ್ನು ಕೆಳಗೆ ನಿಲ್ಲಿಸಿ ನಡೆದು ಹತ್ತಿದರು. ಹೊಗೆಗೂಡು ಕಂಡಿತು. ಜೀರುಂಡೆ ನಿಂತವು. ಕಾರ್ಲಿಸ್‌ನ ಟಾರ್ಚು ಮಿಣುಕಿ ಆರಿತು. ತಟ್ಟಿದ, ಕುಲುಕಿದ. ಹತ್ತಲಿಲ್ಲ.

ಕಿರ್ರ್... ಕಿರ್ರ್...

"ಅಕ್ಕಾ... ಏನದು?"

"ಷ್!"

ಕಿರ್ರ್... ಟೊಕ್. ನೀರು ತುಳುಕಿತು. ಕಟ್ಟೆಯಿಂದ ಕಲ್ಲಿನ ಮೇಲೆ ತೊಟ್... ತೊಟ್... ತೊಟ್...

"ಯಾರ ಪೈಕಿ ನೀನು?"

ಕಾರ್ಲಿಸ್ ಅಕ್ಕನ ತೋಳು ಹಿಡಿದ. ಹಿಡಿದ ಜಾಗ ಆಮೇಲೆ ನೀಲಿಗಟ್ಟಿತ್ತು. ಲವೀನಾ ಹೇಳತೊಡಗಿದಳು.

"ಹೇಜಲ್ ಮಗಳು. ಹೇಜಲ್ ಐಡಾ ಮಗಳು. ಐಡಾ ರೆಬೆಕಾ ಮಗಳು. ರೆಬೆಕಾ... ಟೆನ್ನಿ ಮಗಳು. ನಾನು ನಿನ್ನ ಪೈಕಿ."

ಏನೂ ಇಲ್ಲ. ನೀರು ತೊಟ್ಟಿಕ್ಕುವುದೂ ನಿಂತಿತು. ಎಷ್ಟು ಹೊತ್ತೋ... ಆಮೇಲೆ ಯಾರೋ ದೊಡ್ಡ ಭಾರ ಕೆಳಗಿಟ್ಟ ಹಾಗೆ ಒಂದು ಉಸಿರು. ಹಾ... ಅಷ್ಟೆ.

ಲವೀನಾ ಆಗ ಒಂದು ಮಾತು ಅಂದಳು. ನಮ್ಮಲ್ಲಿ ಯಾರನ್ನೇ ಬಿಟ್ಟು ಹೊರಡುವಾಗಲೂ ಬಾಯಿಮಾತಿಗೆ ಅನ್ನುವುದು.

"ಬಾ, ನಮ್ಮನೆಗೆ ಹೋಗೋಣ."

ತಿರುಗಿ ಇಳಿಯತೊಡಗಿದರು. ಹಿಂದೆ, ಒದ್ದೆ ಎಲೆಗಳ ಮೇಲೆ... ಪಚ್... ಪಚ್... ಪಚ್... ಬರಿಗಾಲು.

"ಅಕ್ಕಾ, ಬರ್ತಿದೆ."

"ಕರೆದಿದ್ದೀನಲ್ಲ. ಬರ್ಲಿ."

"ತಿರುಗಿ ನೋಡ್ಲಾ?"

"ನೋಡಿದ್ರೆ ಕಪಾಳಕ್ಕೆ ಹೊಡಿತೀನಿ. ಮುಂದೆ ನೋಡ್ಕೊಂಡು ನಡಿ."

ಇವರು ನಿಂತರೆ ಅದೂ ನಿಲ್ಲುತ್ತಿತ್ತು. ನಡೆದರೆ ನಡೆಯುತ್ತಿತ್ತು. ಪಿಕಪ್ಪಿನ ಒಳಗೆ ಕೂತು ಬಾಗಿಲು ಎಳೆದುಕೊಂಡರು. ಹಿಂದೆ, ಸಾಮಾನು ಹಾಕುವ ಕಡೆ, ಗಾಡಿ ಒಂದು ಸಲ ಕುಗ್ಗಿತು. ಸ್ಪ್ರಿಂಗು ಕ್ರೀಂಯ್ ಅಂದಿತು. ಯಾರೋ ಹತ್ತಿ ಕೂತ ಹಾಗೆ.

ಕಾರ್ಲಿಸ್ ಗಾಡಿ ಬಿಟ್ಟ. ಕನ್ನಡಿಯನ್ನು ಕೈಯಿಂದ ತಿರುಗಿಸಿ ಇಟ್ಟಿದ್ದನಂತೆ, ಕಣ್ಣು ಹೋಗದಿರಲಿ ಅಂತ. ಮನೆ ಬಂತು. ಗಾಡಿ ಮತ್ತೆ ಕ್ರೀಂಯ್ ಅಂದಿತು, ಮೇಲಕ್ಕೆದ್ದಿತು. ಲವೀನಾ ಬಾಗಿಲು ತೆರೆದು, ತಾನು ಒಳಗೆ ಹೋಗಿ, ಇನ್ನೊಬ್ಬರು ದಾಟುವಷ್ಟು ಹೊತ್ತು ಹಿಡಿದುಕೊಂಡು ನಿಂತಳು. ಆಮೇಲೆ ಹಾಕಿದಳು. ಆ ರಾತ್ರಿ ಇಬ್ಬರೂ ಅಡುಗೆಮನೆಯಲ್ಲೇ ಕಾಫಿ ಕುಡಿಯುತ್ತಾ ಕೂತರು. ಒಂದು ಸದ್ದಿಲ್ಲ.

ಬೆಳಿಗ್ಗೆ ಅವಳು ಪ್ರಮಾಣ ಮಾಡಿ ಸಹಿ ಹಾಕಿದಳು, ಬೇಲಿ ಆಚೆಯ ಕಲ್ಲು ನಮ್ಮ ಅಜ್ಜಿಯ ಅಜ್ಜಿಯದು ಅಂತ. ಸುದ್ದಿ ಹರಡಿದ ಮೇಲೆ ರಸ್ತೆಯ ಮನುಷ್ಯ ಬಂದು ತಲೆ ಕೆರೆದುಕೊಂಡ.

"ಅಮ್ಮಾ, ಅಲ್ಲಿ ಏನೂ ಇಲ್ದಿದ್ರೆ?"

"ಇದ್ದಾಳೆ."

"ನಿಮ್ಮ ದಾಯಾದಿಗಳ ಪೈಕಿ ಒಬ್ರು ಫೋನು ಮಾಡಿದ್ರು. ಮನೆತನದ ಮಾನ ತೆಗೀತಿದ್ದೀರಿ ಅಂತ ಬೈದ್ರು. ಟ್ಯಾಕೆಟ್ ಹೆಸರು ಹಾಳಾಗುತ್ತಂತೆ."

"ಅವರ ಅಜ್ಜಿ ಬೇಲಿಯೊಳಗೆ ಇದ್ದಾಳಲ್ಲ, ಅವರು ಬೈಕೊಳ್ಳಲಿ. ನೀವು ಅಗೆಯಿರಿ."

ಅಗೆದರು. ನಾನೂ ನಿಂತಿದ್ದೆ. ಸನಿಕೆ ಮಣ್ಣಿಗೆ ಇಳಿಯುವ ಸದ್ದು ಬಿಟ್ಟರೆ ಗುಡ್ಡದಲ್ಲಿ ಬೇರೆ ಸದ್ದಿರಲಿಲ್ಲ. ಸೊಂಟದಷ್ಟು ಆಳಕ್ಕೆ ಹೋದಾಗ ಅಗೆಯುವವನು ನಿಲ್ಲಿಸಿ ಟೋಪಿ ತೆಗೆದ. ಪೆಟ್ಟಿಗೆಯ ಗುರುತೂ ಇರಲಿಲ್ಲ. ಬರೀ ಮಣ್ಣಿನಲ್ಲಿ ಹಾಕಿದ್ದರು. ಮೂಳೆ ನೋಡಿ ತಿಳಿಯುವ ಒಬ್ಬಾಕೆ ಬಂದಿದ್ದಳು. ಬಗ್ಗಿ ನೋಡಿ ಹೇಳಿದಳು, "ಹುಡುಗಿ. ಬೆಳೆದು ಮುಗಿದೇ ಇಲ್ಲ ಇನ್ನೂ."

ಲವೀನಾ ಅವತ್ತು ಅತ್ತಳು. ಅವಳು ಅತ್ತಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಚರ್ಚಿನ ಹಿಂದೆ ರೆಬೆಕಾಳ ಪಕ್ಕದಲ್ಲೇ ಇಟ್ಟೆವು. ಕಾರ್ಲಿಸ್ ಮರದ ಪೆಟ್ಟಿಗೆ ಮಾಡಿದ್ದ. ಯಾರ ಹತ್ತಿರವೂ ಮಾತಾಡದೆ, ಎರಡು ರಾತ್ರಿ ಕೂತು ಮಾಡಿದ್ದ. ಕಲ್ಲಿನ ಮೇಲೆ 'ಟೆನ್ನಿ, ರೆಬೆಕಾಳ ತಾಯಿ' ಅಂತ ಕೆತ್ತಿಸಿದೆವು. ಟ್ಯಾಕೆಟ್ ಅಂತ ಸೇರಿಸಬೇಕಾ ಅಂತ ಕಲ್ಲಿನವನು ಕೇಳಿದ. ಬೇಡ ಅಂದಳು ಅಮ್ಮ. ಅವಳನ್ನು ಇನ್ನೊಂದು ಸಲ ಆ ಮನೆಗೆ ಕಟ್ಟಬೇಡಿ ಅಂದಳು.

ಅವತ್ತು ರಾತ್ರಿ ಲವೀನಾ ನಮ್ಮ ಮನೆಯಲ್ಲೇ ಉಳಿದಳು. ನನ್ನ ಮಂಚದಲ್ಲೇ, ನನ್ನ ಪಕ್ಕದಲ್ಲೇ ಮಲಗಿದಳು. ಬಾಗಿಲಿಗೆ ನಾನೇ ಚಿಲಕ ಹಾಕಿದೆ. ಒಳ್ಳೆಯ ನಿದ್ದೆ ಬಂತು ಇಬ್ಬರಿಗೂ. ಏನೂ ಕೇಳಿಸಲಿಲ್ಲ. ಅದನ್ನೂ ಹೇಳಿಬಿಡ್ತೀನಿ, ಏನೂ ಕೇಳಿಸಲಿಲ್ಲ.

ಬೆಳಿಗ್ಗೆ ಅವಳು ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು. ತಲೆ ತೋರಿಸಿದಳು.

ಲವೀನಾಳ ಕೂದಲು ಗಿಡ್ಡ. ಬಸ್ಸು ಓಡಿಸುವವಳು, ಕುತ್ತಿಗೆಗೆ ತಾಗುವ ಮೊದಲೇ ಕತ್ತರಿಸಿಬಿಡುತ್ತಾಳೆ. ಆ ಕೂದಲಿಗೆ ಯಾರೋ ಎರಡು ಜಡೆ ಹಾಕಿದ್ದರು. ಪುಟ್ಟ ಹುಡುಗಿಗೆ ಹಾಕುವ ಹಾಗೆ, ಕಿವಿಯ ಹಿಂದೆ ಒಂದೊಂದು. ಹುಬ್ಬು ಎಳೆಯುವಷ್ಟು ಬಿಗಿ. ತುದಿಗೆ ಕಂದು ಬಣ್ಣದ ಉಣ್ಣೆಯ ದಾರ, ಅಂಗಡಿಯದಲ್ಲ, ಕೈಯಲ್ಲಿ ನೂತದ್ದು. ನಮ್ಮ ಮನೆಯಲ್ಲಿ ಅಂಥ ದಾರ ಇಲ್ಲ. ಯಾರ ಮನೆಯಲ್ಲೂ ಇಲ್ಲ.

ಅಮ್ಮ ನೋಡಿದಳು. ಒಲೆ ಹಚ್ಚಲು ಹೋದಳು.

ಇಲ್ಲ, ನೀವು ಹಾಗೆ ನೋಡಬೇಡಿ. ಅವಳೇ ಹಾಕಿಕೊಂಡಿರಬೇಕು ಅಂತಾನೇ ಎಲ್ಲರೂ ಅನ್ನೋದು. ಆ ಜಡೆ ಬಿಚ್ಚಿದವಳು ನಾನು. ಈ ಬೆರಳುಗಳಿಂದಲೇ ಬಿಚ್ಚಿದ್ದೀನಿ. ಗಂಟು ಸಡಿಲಿಸೋಕೆ ಬಹಳ ಹೊತ್ತು ಹಿಡೀತು... ತಲೆಯ ಹಿಂದೆ, ಅವಳ ಕಣ್ಣಿಗೆ ಬೀಳದ ಕಡೆ, ಬೈತಲೆ ನೆತ್ತಿಯಿಂದ ಕುತ್ತಿಗೆವರೆಗೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು.