ಅಕ್ಕನನ್ನು ಹಿಂಬಾಲಿಸಿದವರು

ಮಳೆ ಹಿಡಿಯುವ ಮುಂಚೆ ಕತ್ತರಿಸಿದ ಉಣ್ಣೆ ಇನ್ನೂ ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಹೊರಗೆ ಜಡಿಮಳೆ. ನಾವೆಲ್ಲ ಸುತ್ತ ಕೂತು ಅದರೊಳಗಿನ ಮುಳ್ಳುಕಡ್ಡಿ ಹೆಕ್ಕುತ್ತಿದ್ದೆವು. ಮನೆಯ ಕಿರಿಸೊಸೆ ಮಾತ್ರ ಒಂದು ಕೈಯಲ್ಲಿ ಹೆಕ್ಕುತ್ತ, ಇನ್ನೊಂದರಲ್ಲಿ ಫೋನು ನೋಡುತ್ತಿದ್ದಳು. ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ನೋಡು, ನೋಡು... ಆದ್ರೆ ನಿನ್ನನ್ನ ಯಾರು ನೋಡ್ತಿದಾರೆ ಅಂತಾನೂ ನೋಡ್ಕೋ. ನಮ್ಮಕ್ಕನ ಕತೆ ಹೇಳ್ತೀನಿ, ಕೈ ನಿಲ್ಲಿಸ್ಬೇಡಿ. ಆಗ ಒಂದು ಹಳೇ ಜಾಲತಾಣ ಇತ್ತು, ಊರಿಗೆ ಊರೇ ಅದರಲ್ಲಿ. ಅಕ್ಕ ತನ್ನ ಕೋಳಿ ಫೋಟೋ ಹಾಕಿದ್ರೆ ಸಾಕು, ಲೈಕ್ ಒತ್ತೋರೋ ಒತ್ತೋರು. ಒಂದಿನ ಏನಾಯ್ತೋ... ಮುಂದಿನ ಕುರಿ ಹಾರಿತು ಅಂತ ಹಿಂಡೆಲ್ಲ ಹಾರೋ ಹಾಗೆ ಎಲ್ರೂ ಹೊಸದಕ್ಕೆ ಗುಳೆ ಎದ್ರು. ಯಾಕೆ ಅಂದ್ರೆ ಒಬ್ಬರಿಗೂ ಗೊತ್ತಿಲ್ಲ! ಅಕ್ಕ ಮಾತ್ರ ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಭಾವ ತೀರಿಹೋಗಿದ್ರು, ಮಾತಿಗೆ ಅವಳಿಗೆ ಅದೊಂದೇ ದಿಕ್ಕು. ದಿನಾ 'ಊಟ ಆಯ್ತಾ?' ಅಂತ ಬರೀತಿದ್ಲು. 'ಆಯ್ತು' ಅನ್ನೋಕೆ ಒಂದು ನರಪಿಳ್ಳೆ ಇಲ್ಲ.

ಖಾಲಿ ಮನೆಗೆ ಏನು ಸೇರ್ಕೊಳ್ಳುತ್ತೆ, ಹೇಳಿ?

ಒಂದು ಮಧ್ಯಾಹ್ನ ಫೋನು ಟಿಣ್ ಅಂತು. 'ಒಬ್ಬರು ನಿಮ್ಮನ್ನು ಹಿಂಬಾಲಿಸುತ್ತಿದ್ದಾರೆ.' ಅಕ್ಕ ಪೊರಕೆ ಎತ್ಕೊಂಡು ಗಿರಕ್ಕನೆ ಹಿಂದೆ ತಿರುಗಿದ್ಲು! ಯಾರಿದಾರೆ, ಬರೀ ಗೋಡೆ. ಹೆಸರು ಒತ್ತಿ ನೋಡಿದ್ರೆ... ನಮ್ಮ ಸೋದರತ್ತೆ! ನಾವೇ ಮಣ್ಣು ಮಾಡಿ ಬಂದಿದ್ವಲ್ಲ, ಅದೇ ಅತ್ತೆ. 'ಕೋಳಿ ಬಡಕಲಾಗಿದೆ ಕಣೇ, ಕಾಳು ಹಾಕು' ಅಂತ ಬರೆದಿದ್ಲು. ಸತ್ತರೂ ಬಾಯಿ ನಿಂತಿಲ್ಲ! ಆಮೇಲೆ ಕುಲುಮೆ ಮಾವ, ಸೂಲಗಿತ್ತಿ... ಒಬ್ಬೊಬ್ಬರಾಗಿ ಸತ್ತೋರೆಲ್ಲ ಬಂದ್ರು. ಭಾವ ಮಾತ್ರ ಬರ್ಲಿಲ್ಲ. 'ಅಲ್ಲೂ ಮಲಗಿರ್ಬೇಕು' ಅಂತಿದ್ಲು ಅಕ್ಕ.

ಅವಳು ಹೆದರಿ ಸೊರಗಿದ್ಲು ಅಂದ್ಕೊಂಡ್ರಾ? ಮೈಕೈ ತುಂಬ್ಕೊಂಡ್ಲು!

ಅಷ್ಟೊತ್ತಿಗೆ ಕಂಪನಿಯೋರು 'ಜನ ಇಲ್ಲ, ಬಾಗಿಲು ಹಾಕ್ತೀವಿ' ಅಂದ್ರು. ಅಕ್ಕ ಕಣ್ಣೀರಿಟ್ಲು. 'ಬದುಕಿರೋರು ಒಬ್ಬರೂ ಮಾತಾಡಿಸ್ದೇ ಇದ್ದಾಗ ಮಾತಾಡಿಸಿದೋರು ಕಣೇ. ಅವರ ಋಣ ನನ್ನ ಮೇಲಿದೆ, ಬೀದಿಪಾಲು ಮಾಡ್ಲಾ? ನೀವೆಲ್ಲ ಇರೋ ತಾಣಕ್ಕೆ ದಾರಿ ತೋರಿಸ್ತೀನಿ' ಅಂದ್ಲು. 'ಬೇಡ್ವೇ ಮಾರಾಯ್ತಿ!' ಅಂದೆ. ಎಲ್ಲಿ ಕೇಳ್ತಾಳೆ, ಅಷ್ಟರಲ್ಲಿ ಅವರಿಗೆಲ್ಲ ಲಿಂಕ್ ಕಳಿಸೇಬಿಟ್ಟಿದ್ಲು. ಋಣ ತೀರ್ತು."

ಕಿರಿಸೊಸೆ ಕಿಸಕ್ಕನೆ ನಕ್ಕಳು. "ಸುಮ್ನಿರಿ ಅಜ್ಜಿ. ನಮ್ಮ ತಾಣಕ್ಕೆ ದಿನಾ ಲಕ್ಷಗಟ್ಟಲೆ ಜನ ಹೊಸದಾಗಿ ಸೇರ್ತಿದಾರಂತೆ, ಪೇಪರಲ್ಲೇ ಬಂದಿದೆ."

ಅಜ್ಜಿ ತಲೆ ಎತ್ತಲಿಲ್ಲ.

"ಹೌದಾ... ಫೋನು ಹಿಡಿಯೋರೆಲ್ಲ ಯಾವತ್ತೋ ಸೇರಿ ಆಗಿದೆ. ಮತ್ತೆ ಇಷ್ಟೊಂದು ಜನ... ಎಲ್ಲಿಂದ ಬರ್ತಿದಾರೆ, ಮಗಳೇ?"